ಕುಬಸದ ಬುತ್ತಿ

ಕಾಲುವೆ ದಂಡೆಯ ಕೆಸರಿನಲ್ಲಿ ಆಟೋ ಹೂತುಹೋಗಬಹುದಿತ್ತು. ನಾಟಿಯ ಗುಂಪು ಹಿಂದಿನ ದಿನವೇ ಬೇರೆ ಕ್ಯಾಂಪಿಗೆ, ಅಂದರೆ ಕಾಲುವೆ ನೀರಿನ ಬೇರೆ ಹಳ್ಳಿಗೆ, ಎದ್ದುಹೋಗಿರಬಹುದಿತ್ತು. ಹುಡುಗಿ ನಮ್ಮನ್ನು ದೂರದಿಂದಲೇ ಕಂಡು ಗದ್ದೆಯೊಳಗೆ ಬೆನ್ನು ತಿರುಗಿಸಿ ನಿಲ್ಲಬಹುದಿತ್ತು. ಅವಳ ಅತ್ತೆ ‘ನೀವು ಯಾವ ಊರಿನವರು’ ಎಂದು ಕೇಳಿದಾಗ ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳು ಊರು ನನಗೆ ಮರೆತುಹೋಗಬಹುದಿತ್ತು. ನಡುವೆ ಫೋನು ಬಡಿದುಕೊಂಡು, ಹಳೆಯ ಚಾಳಿಯಂತೆ ನಾನು ‘ಹಲೋ, ಎಚ್‌ಐವಿ ಸರ್ವೆ ಆಫೀಸು’ ಎಂದುಬಿಡಬಹುದಿತ್ತು. ತೊಡಿಸುವಾಗ ಹಸಿರು ಬಳೆ ಒಡೆಯಬಹುದಿತ್ತು. ಆ ಗುಂಪಿನಲ್ಲಿ ನಮ್ಮನ್ನು ಮಸ್ಕಿಯಲ್ಲಿ ನೋಡಿದ ಹೆಂಗಸೊಬ್ಬಳು ಇದ್ದು, ‘ಅಯ್ಯ, ಈಕಿ ರಕ್ತ ತಗೊಳ್ಳಾಕಿ ಅಲ್ಲೇನು’ ಎಂದು ಕೂಗಬಹುದಿತ್ತು. ಹುಡುಗಿಯ ಗಂಡ ಅಂದೇ ಬಂದಿರಬಹುದಿತ್ತು. ಕೊರಳಿನ ಗುರುತಿನ ಪಟ್ಟಿಯನ್ನು ಬಿಚ್ಚಿಡಲು ನಾನು ಮರೆಯಬಹುದಿತ್ತು. ಅವಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿಬಿಟ್ಟಿರಬಹುದಿತ್ತು.

ಇಷ್ಟನ್ನೂ, ಇನ್ನೂ ಎಷ್ಟನ್ನೋ, ನಾನು ಹಿಂದಿನ ಸಂಜೆ ಒಂದು ಹಳೆಯ ಪ್ರಶ್ನಾವಳಿಯ ಬೆನ್ನ ಮೇಲೆ ಬರೆದಿದ್ದೆ. ಬರೆದಿಟ್ಟರೆ ಅದು ಆಗುವುದಿಲ್ಲ ಎಂಬುದು ನನ್ನ ಗುಪ್ತ ನಂಬಿಕೆ. ಸಂಶೋಧನೆ ಮಾಡುವವಳು ಇಂಥದ್ದನ್ನು ನಂಬಬಾರದು, ಗೊತ್ತು. ಕೊನೆಯ ಸಾಲಿನ ಕೆಳಗೆ ಮಾತ್ರ ಎರಡು ಗೆರೆ ಎಳೆದಿದ್ದೆ. ಉಳಿದದ್ದೆಲ್ಲ ಹೆಚ್ಚೆಂದರೆ ಮಾನದ ಪ್ರಶ್ನೆ. ಅದೊಂದು ಕೂಸಿನದು.

ಇಂಥ ಸ್ವಭಾವಕ್ಕೆ ಬಿಪಿ ಬಾರದೆ ಇನ್ನೇನು ಬಂದೀತು? ನಾಲ್ಕು ವರ್ಷದಿಂದ ನನಗೆ ಮಾತ್ರೆ, ಪಥ್ಯ. ಮನೆಯಲ್ಲಿ ನಾನು ಮಾಡುವುದೂ ಪಥ್ಯದ ಅಡುಗೆಯೇ. ಬೇಕಾದವರು ಮೇಲೆ ಬೇಕಾದ್ದು ಹಾಕಿಕೊಂಡು ಉಣ್ಣುತ್ತಾರೆ. ಡಾಕ್ಟರು ‘ಚಿಂತೆ ಬಿಡಿ’ ಎಂದೂ ಹೇಳಿದ್ದರು. ಬಿಡುವುದು ಹೇಗೆಂದು ಅವರು ಹೇಳದಿದ್ದುದರಿಂದ ಅದೂ ಒಂದು ಚಿಂತೆಯಾಯಿತು.

ನಮ್ಮ ಕೆಲಸ ಇಷ್ಟು. ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಸುತ್ತ ನಾಟಿ, ಕಳೆ ಎಂದು ಊರೂರು ತಿರುಗುವ ಹೆಂಗಸರನ್ನೂ, ಮೈಮಾರಿ ಹೊಟ್ಟೆ ಹೊರೆಯುವ ಹೆಂಗಸರನ್ನೂ ಕಂಡು, ಅವರು ಒಪ್ಪಿದರೆ ಮಾತ್ರ, ಯಾರೂ ಕೇಳಬಾರದ್ದನ್ನು ಕೇಳುವುದು. ಮುಟ್ಟು, ಬಿಳಿಮುಟ್ಟು, ನಿಂತ ಬಸಿರು, ತೆಗೆಸಿದ ಬಸಿರು, ಮನೆಗೆ ಅಪರೂಪಕ್ಕೆ ಬರುವ ಗಂಡ. ಕೊನೆಗೆ ಬೆರಳಿಗೆ ಚುಚ್ಚಿ, ದಪ್ಪ ಕಾಗದದ ಮೇಲೆ ರಕ್ತದ ಚುಕ್ಕೆ ಹಿಡಿದು, ಒಣಗಿಸಿ, ಎಚ್‌ಐವಿ ಪರೀಕ್ಷೆಗೆ ಕಳಿಸುವುದು. ಹೆಸರು ಬರೆಯುವಂತಿಲ್ಲ. ಒಂದು ನಂಬರಿನ ಚೀಟಿ. ಅದನ್ನು ಹರಿದು ಅರ್ಧ ಅವರಿಗೆ, ಅರ್ಧ ನಮಗೆ. ಮೂರು ವಾರ ಬಿಟ್ಟು ಮಸ್ಕಿಯ ನಮ್ಮ ಬಾಡಿಗೆ ಕೋಣೆಗೆ ಅರ್ಧ ಚೀಟಿ ತಂದವರಿಗೆ, ಬಾಗಿಲು ಮುಚ್ಚಿ, ಫಲಿತಾಂಶ ಹೇಳುವುದು.

ಈ ಹುಡುಗಿಯದು ಅರವತ್ತೆರಡನೇ ಚೀಟಿ. ಮೊದಲ ಬಸಿರು, ಆಗ ಐದರಲ್ಲಿದ್ದಳು. ತಾಯಿ ಇಲ್ಲ. ಗಂಡ ಅಕ್ಕಿ ಗಿರಣಿಯ ಲಾರಿಯಲ್ಲಿ ಕ್ಲೀನರ್. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಒಪ್ಪಿಗೆಯ ಹಾಳೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಅಗತ್ಯ ಬಿದ್ದರೆ ನಿಮ್ಮನ್ನು ಹೇಗೆ ಭೇಟಿಯಾಗಬೇಕು? ಬಹಳ ಮಂದಿ ಫೋನ್ ನಂಬರು ಕೊಡುತ್ತಾರೆ. ಅವಳು ತಲೆ ಅಲ್ಲಾಡಿಸಿದಳು.

“ಫೋನ್ ಅವನ ಕಿಸೇದಾಗ ಇರ್ತೈತ್ರಿ. ಅದಕ್ಕ ಹಚ್ಚಬ್ಯಾಡ್ರಿ.”

“ಮತ್ತೆ ಹೇಗಮ್ಮ?”

ಅವಳು ಸ್ವಲ್ಪ ಯೋಚಿಸಿ ನಕ್ಕಳು. “ಬಂದ್ರ ಬಳಗದವರಂಗ ಬರ್ರಿ. ನನ್ನ ಕಡೆಯವರು ಅಂತ ಯಾರೂ ಬಂದಿಲ್ಲ ಇನ್ನ. ಬರಿಗೈಲೆ ಬರಬ್ಯಾಡ್ರಿ ಮತ್ತ, ಬಳಗದವರು ಹಂಗ ಬರಂಗಿಲ್ಲ.”

ನಾನು ಹಾಳೆಯ ಇಕ್ಕಟ್ಟು ಜಾಗದಲ್ಲಿ ಹಾಗೆಯೇ ಬರೆದುಕೊಂಡೆ. ಅದು ತಮಾಷೆಯೆಂದೇ ಅಂದುಕೊಂಡಿದ್ದೆ.

ಮೂರು ವಾರದ ಮೇಲೆ ಬಂದ ಪಟ್ಟಿಯಲ್ಲಿ ಅರವತ್ತೆರಡರ ಮುಂದೆ ಸೋಂಕಿನ ಗುರುತಿತ್ತು. ಅದೊಂದೇ ಕೊನೆಯ ಮಾತಲ್ಲ. ಲಿಂಗಸುಗೂರಿನ ದವಾಖಾನೆಯಲ್ಲಿ ಮತ್ತೊಮ್ಮೆ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಬೇಕು. ಖಚಿತವಾದರೆ ಅಂದಿನಿಂದಲೇ ಮಾತ್ರೆ. ತಾಯಿ ಬೇಗ ಶುರುಮಾಡಿ ತಪ್ಪದೆ ನುಂಗಿದಷ್ಟೂ ಕೂಸಿಗೆ ತಗಲುವ ಸಂಭವ ಕಡಿಮೆ. ಇದನ್ನು ಅವಳಿಗೆ ಹೇಳಲು ನಾನು ಮಸ್ಕಿಯ ಕೋಣೆಯಲ್ಲಿ ಕಾದು ಕೂತೆ. ಹೇಳಿದ ದಿನ ಅವಳು ಬರಲಿಲ್ಲ. ಮರುವಾರವೂ ಇಲ್ಲ. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಒಮ್ಮೆ ನೀರಿನ ಕ್ಯಾನ್ ತಂದವನಿಗೂ ‘ಕೂತ್ಕೊಳ್ಳಮ್ಮ’ ಎಂದಿದ್ದೆ.

ಮೂರನೇ ವಾರ ನಮ್ಮ ಅಕ್ಕ ಸುದ್ದಿ ತಂದಳು. ಅಕ್ಕ ಎಂದರೆ ನಮ್ಮ ಕೆಲಸದ ಜೊತೆಗಾತಿ. ಒಂದು ಕಾಲಕ್ಕೆ ತಾನೂ ಮೈಮಾರುವ ಕಸುಬಿನಲ್ಲಿದ್ದು, ಈಗ ಆ ಹೆಂಗಸರನ್ನೆಲ್ಲ ಪರೀಕ್ಷೆಗೆ ಕರೆತರುವವಳು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವಳು, ಧೈರ್ಯದಲ್ಲಿ ಎಷ್ಟೆಂದು ಹೇಳಲಾರೆ.

“ಹುಡುಗಿ ಅತ್ತಿ ಜೋಡಿ ನಾಟಿಗೆ ಹೋಗ್ಯಾಳ. ಸಿಂಧನೂರ ಆಚೆ, ಆರ್.ಎಚ್. ಕ್ಯಾಂಪಿನ ಗದ್ದ್ಯಾಗ ಅದಾರ. ಏಳರಾಗ ಬಿದ್ದಾಳ, ಕುಬಸ ಆಗಿಲ್ಲ. ಬುತ್ತಿ ಕಟ್ರಿ, ಹೋಗೂಣು.”

ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಕುಬಸದ ಖಣ, ಹಸಿರು ಬಳೆ, ಬುತ್ತಿ ತಂದು ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ತವರಿನವರೇ ಆಗಬೇಕೆಂದಿಲ್ಲ, ಬಳಗ, ಓಣಿಯವರು, ಗೆಳತಿಯರು ಯಾರಾದರೂ ತರಬಹುದು.

“ಸುಳ್ಳು ಹೇಳಿಕೊಂಡು ಹೋಗೋದಾ ಅಕ್ಕಾ?”

“ಆಕೀನಾ ಹೇಳ್ಯಾಳಲ್ರಿ, ಬಳಗದವರಂಗ ಬರ್ರಿ ಅಂತ. ನೀವಾ ಬರಕೊಂಡೀರಿ. ಜೀಪು ತಗೊಂಡು ಹೋದ್ರ ಅದರ ಮ್ಯಾಲೆ ಬರದ ಬೋರ್ಡು ಇಡೀ ಕ್ಯಾಂಪು ಓದ್ತೈತಿ. ಬುತ್ತಿ ಹೊತ್ತ ಹೆಂಗಸಿಗೆ ಪೊಲೀಸ್ನೋರೂ ನಿಂದ್ರು ಅನ್ನಂಗಿಲ್ಲ.”

ಬೆಂಗಳೂರಿನಲ್ಲಿರುವ ನಮ್ಮ ಅಧ್ಯಯನದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹಾಳೆಯಲ್ಲಿ ಬರೆದದ್ದನ್ನು ಓದಿ ಹೇಳಿದೆ. ಅವರು, “ಅವಳು ಬೇಡ ಎಂದರೆ ಉಂಡು ವಾಪಸ್ ಬನ್ನಿ, ಒತ್ತಾಯ ಮಾಡಬೇಡಿ,” ಎಂದರು. ಬುತ್ತಿ ತಂದವರು ತಾವೇ ಕೂತು ಉಣ್ಣುವುದಿಲ್ಲ ಎಂದು ಅವರಿಗೆ ವಿವರಿಸಲು ಹೋಗಲಿಲ್ಲ.

ಸಿಂಧನೂರಿನ ನನ್ನ ಅಡುಗೆಮನೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಮೊಸರನ್ನ, ಹೋಳಿಗೆ ಎಲ್ಲ ಆಯಿತು. ಕುಬಸದ ಬುತ್ತಿಯ ಮೊದಲ ತುತ್ತು ಬಸುರಿಯ ಬಾಯಿಗೇ ಹೋಗಬೇಕು, ಯಾರೂ ಎಂಜಲು ಮಾಡಬಾರದು ಎಂದು ಅಕ್ಕ ನಾಲ್ಕು ಸಲ ಹೇಳಿದ್ದಳು. ಹಾಗಾಗಿ ಬೆರಳನ್ನೂ ನೆಕ್ಕದೆ ಕಟ್ಟಿದೆ. ಕಟ್ಟಿದ್ದನ್ನು ಮೂರು ಸಲ ಬಿಚ್ಚಿ ನೋಡಿದೆ. ಮುಚ್ಚಳ ಬಿಗಿಯಾಗಿದೆಯೇ, ಬಳೆ ಎಲ್ಲ ಇಡಿಯಾಗಿವೆಯೇ, ಖಣ ಹಸಿರೇ ಅಥವಾ ದೀಪದ ಬೆಳಕಿಗೆ ನೀಲಿಯೇ ಹಸಿರಾಗಿ ಕಂಡದ್ದೇ. ಮಸ್ಕಿಯ ಬಸ್ಸಿಳಿದು ಬಂದ ಅಕ್ಕ ನನ್ನನ್ನೇ ಎರಡು ಸಲ ನೋಡಿ, “ಫಿಕರ್ ಮಾಡಬ್ಯಾಡ್ರಿ, ಬುತ್ತಿಗೆ ಕಾಲಿಲ್ಲ, ಓಡಿ ಹೋಗಂಗಿಲ್ಲ,” ಎಂದಳು.

ಆಟೋ ಹೂತುಹೋಗಲಿಲ್ಲ. ಗುಂಪು ಅಲ್ಲೇ ಇತ್ತು. ಮಧ್ಯಾಹ್ನದ ಊಟದ ಹೊತ್ತು. ಬದುವಿನ ಜಾಲಿಮರದ ಕೆಳಗೆ ಒಂದಷ್ಟು ಹೆಂಗಸರು ಕೈ ತೊಳೆದುಕೊಳ್ಳುತ್ತಿದ್ದರು. ಇನ್ನು ಕೆಲವರು ಮೊಳಕಾಲುಮಟ್ಟದ ಕೆಸರಿನಲ್ಲಿ ಬಾಗಿ ಕೊನೆಯ ಸಾಲು ಮುಗಿಸುತ್ತಿದ್ದರು. ನಮ್ಮನ್ನು ಕಂಡು ದಪ್ಪ ಕುಂಕುಮದ ಒಬ್ಬಳು ಸೀರೆಯ ಕಚ್ಚೆ ಬಿಚ್ಚುತ್ತ ಎದುರು ಬಂದಳು. ಅತ್ತೆ ಇವಳೇ ಎಂದು ಯಾರೂ ಹೇಳಬೇಕಿರಲಿಲ್ಲ.

“ಯಾರು ಬೇಕ್ರಿ?”

ನಾನು ಸುಳ್ಳು ಊರನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮೇಲೆರಗಿದಳು.

“ಯಾರು ಬೇಕಂದ್ರ? ನಮ್ಮ ಹುಡುಗಿ ಬೇಕು. ಏಳು ತಿಂಗಳ ಬಸುರಿ, ಒಂದು ಹೇಳಿ ಕಳಸಾಕ ಆಗಲಿಲ್ಲೇನು ಬೀಗ್ತೆವ್ವಾ?”

“ಹೇಳಿ ಕಳಸಾಕ ನೀವು ಅದೀರಂತ ಯಾರಿಗೆ ಗೊತ್ತಿತ್ತು? ಲಗ್ನದಾಗ ಕಾಣಲಿಲ್ಲ, ಹಬ್ಬದಾಗ ಕಾಣಲಿಲ್ಲ, ಈಗ ಬಾಳಿ ಎಲಿ ಮುಚ್ಚಿದ ಬುಟ್ಟಿ ಹೊತ್ಕೊಂಡು ಬಂದೀರಿ.” ಆಮೇಲೆ ನನ್ನತ್ತ ಗದ್ದ ಎತ್ತಿ ತೋರಿಸಿದಳು. “ಈ ಚಷ್ಮಾದಾಕಿ ಯಾರು?”

“ಚಿಗವ್ವ. ಆಕಿ ಅವ್ವನ ಸಣ್ಣ ತಂಗಿ. ಸಾಲಿ ಕಲ್ತಾಳ, ಮಾತು ಕಮ್ಮಿ.”

ನಾನು ಮಾತು ಕಮ್ಮಿಯಿರುವವಳಂತೆ ನಿಂತೆ. ಜೀವಮಾನದಲ್ಲಿ ಮೊದಲ ಸಲ.

ಕೆಸರಿನಲ್ಲಿ ಬಾಗಿದ್ದವರಲ್ಲಿ ಒಬ್ಬಳು ನೆಟ್ಟಗಾದಳು. ಒಂದು ಕೈಯಲ್ಲಿ ಸಸಿಯ ಕಟ್ಟು, ಇನ್ನೊಂದು ಕೈ ಸೊಂಟದ ಮೇಲೆ. ಅವಳು ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು, ಬಾಳೆಎಲೆ ಮುಚ್ಚಿದ ಬುಟ್ಟಿಯನ್ನು ನೋಡಿದಳು. ಸಸಿಯ ಕಟ್ಟು ನೀರಿಗೆ ಬಿತ್ತು. ನಾವು ಯಾಕೆ ಬಂದಿದ್ದೇವೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಒಳ್ಳೆಯ ಸುದ್ದಿಯನ್ನು ಯಾರೂ ಇಷ್ಟು ದೂರ ಹೊತ್ತು ತರುವುದಿಲ್ಲ. ಅವಳು ಬೆನ್ನು ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಒತ್ತಾಯ ಮಾಡುವಂತಿಲ್ಲ.

“ಚಿಗವ್ವಾ,” ಎಂದಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. “ಈಗ ನೆನಪಾತೇನು ನಾ?”

ಆಮೇಲಿನದನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ನಮ್ಮ ವೇಷ ಅತಿಯಾಗಿ ಒಪ್ಪಿಗೆಯಾಗಿಬಿಟ್ಟಿತ್ತು. ಕುಬಸವೆಂದರೆ ನಾಲ್ಕು ಜನರ ನಡುವಿನ ಸಂಭ್ರಮ. ಇಡೀ ಗುಂಪು ಹುಡುಗಿಯನ್ನು ಜಾಲಿಮರದ ಕೆಳಗೆ ಕೂರಿಸಿ ಸುತ್ತ ಕೂತಿತು. ಗುಟ್ಟಿನ ಮಾತು ಹೇಳಲು ಬಂದವಳು ಹದಿನೈದು ಹೆಂಗಸರ ನಡುವೆ ಮಂಡಿಯೂರಿದ್ದೆ. ಅಕ್ಕ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದಳು. ಬಳೆಯ ಪಾಳಿ ನನಗೆ ಬಂತು. ಅವಳ ಕೈ ನೀರಿನಲ್ಲಿ ನೆನೆದು ಮೆತ್ತಗಾಗಿತ್ತು. ನಾನು ತಲೆ ಬಗ್ಗಿಸಿ, ಬಳೆಗೆ ಹೇಳುವಂತೆ ಹೇಳಿದೆ.

“ಲಿಂಗಸುಗೂರಿಗೆ ಬರಬೇಕಾಗ್ತದೆ. ಇನ್ನೊಮ್ಮೆ ರಕ್ತ ಕೊಡೋಕೆ.”

“ಛಲೋ ಬಂದಿಲ್ಲಲ್ಲ?” ತುಟಿ ಅಲುಗಿತೋ ಇಲ್ಲವೋ.

“ಇಲ್ಲಿ ಬೇಡ. ಬರೋದು ಬಿಡೋದು ನಿನ್ನ ಇಷ್ಟ.”

ಅವಳ ಮುಷ್ಟಿ ತಟ್ಟನೆ ಬಿಗಿಯಿತು. ಬಳೆ ಅರ್ಧದಲ್ಲಿ, ಎಲುಬಿನ ಮೇಲೆ, ಸಿಕ್ಕಿಕೊಂಡಿತು. ಎಳೆದರೂ ಒಡೆಯುತ್ತದೆ, ಒತ್ತಿದರೂ ಒಡೆಯುತ್ತದೆ. ಹಿಂದಿನಿಂದ ಯಾರೋ ನಕ್ಕರು.

“ಚಿಗವ್ವನ ಕೈ ನಡಗಾಕತ್ತಾವ ನೋಡ್ರೇ! ಹಡಿಯಾಕಿ ತಾನಾ ಅನ್ನೂವಂಗ!”

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು, ನಕ್ಕಾಗ ಮುಷ್ಟಿ ಸಡಿಲವಾಯಿತು, ಬಳೆ ಒಳಗೆ ಜಾರಿತು. ಒಡೆಯಲಿಲ್ಲ. “ಬರ್ತೀನಿ,” ಎಂದಳು, ಅದೇ ನಗುವಿನೊಳಗೆ.

ಇನ್ನು ಅತ್ತೆಯನ್ನು ಒಪ್ಪಿಸಬೇಕಿತ್ತು. ಎಲೆಯ ಮೇಲೆ ಬುತ್ತಿ ಬಡಿಸಿದ ಅಕ್ಕ, “ನಾಕು ದಿನ ಕರ್ಕೊಂಡು ಹೋಗ್ತೀವಿ ಬೀಗ್ತೆವ್ವಾ,” ಎಂದಳು.

“ಈಗ? ನಾಟಿ ನಡದೈತಿ. ಇನ್ನ ಹನ್ನೆರಡು ದಿನ ಕಣ್ಣೆತ್ತಾಕ ಪುರಸತ್ತಿಲ್ಲ. ಮುಗಿಲಿ, ಆಮ್ಯಾಲೆ ನೋಡೂಣು. ಇಲ್ಲಿಂದ ಹೊಳಿ ಆಚಿ ಊರಿಗೆ ಬ್ಯಾರೆ ಕರದಾರ.”

ಹನ್ನೆರಡು ದಿನ, ಆಮೇಲೆ ಹೊಳೆಯಾಚೆ. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಒಂಬತ್ತು ತುಂಬುತ್ತದೆ. ಮಾತು ಕಮ್ಮಿಯ ವೇಷ ಅಲ್ಲಿಗೆ ಬಿಟ್ಟು ನಾನು ಶುರುಮಾಡಿದೆ: ತಾಯಿಯಿಲ್ಲದ ಮಗಳು, ಮೊದಲ ಬಸಿರು, ಕೆಸರಿನಲ್ಲಿ ಕಾಲು ಬಾತಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ ಕಳಿಸುತ್ತೇವೆ, ಅವಳ ಅವ್ವ ಇದ್ದಿದ್ದರೆ ಬಿಡುತ್ತಿದ್ದಳೇ. ಮಾತಾಡುತ್ತ ಆಡುತ್ತ, ಕಂಡೇ ಇರದ ಆ ಅವ್ವನ ನೆನಪಿಗೆ ನನಗೇ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹುಡುಗಿ ಮೊದಲ ತುತ್ತು ತಿಂದಿದ್ದಳು. ಒಂದು ಕ್ಷಣ ನಿಲ್ಲಿಸಿ, ಮತ್ತೆ ತಿಂದಳು. ಉಳಿದವರೂ ಕೈ ಹಾಕಿದರು. ಗುಂಪು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಮ್ಮನ್ನು ಗುರುತಿಸಿದರು ಎಂದೇ ನಾನು ತಿಳಿದೆ. ಅತ್ತೆ ಎಣಗಾಯಿ ಮುರಿದು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಮೊಸರನ್ನ ತೆಗೆದುಕೊಂಡಳು. ಮತ್ತೆ ನಿಂತಿತು. ನನ್ನ ಚಷ್ಮಾದಿಂದ ಚಪ್ಪಲಿಯವರೆಗೆ ನೋಡಿದಳು.

“ಅಡಗಿ ಯಾರು ಮಾಡಿದ್ದು?”

“ನಾನೇ.”

“ಹೂಂ.”

ಅವಳು ತನ್ನ ಎಲೆಯ ಮೇಲಿದ್ದದ್ದನ್ನು ಒಂದೊಂದಾಗಿ, ಅವಸರವಿಲ್ಲದೆ ಮುಗಿಸಿದಳು. ಕೈ ತೊಳೆದಳು.

“ಕರ್ಕೊಂಡು ಹೋಗ್ರಿ,” ಎಂದಳು. “ಬರೋಬ್ಬರಿ ತೋರಿಸ್ರಿ. ಅರ್ಧಾ ಮಾಡಿ ಕಳಸಬ್ಯಾಡ್ರಿ.”

ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾದೆ. ಬಸ್ ಸ್ಟ್ಯಾಂಡಿನವರೆಗೂ ಆ ಬೆರಗು ಇತ್ತು. ಸಿಂಧನೂರಿನ ಕ್ಯಾಂಟೀನಿನಲ್ಲಿ, ಹುಡುಗಿ ಕೈ ತೊಳೆಯಲು ಹೋದಾಗ, ಅಕ್ಕನಿಗೆ, “ನೋಡಿದ್ಯಾ, ಅವ್ವನ ಮಾತು ತೆಗೆದದ್ದೇ ಕರಗಿಬಿಟ್ಟಳು,” ಎಂದೂ ಹೇಳಿದೆ. ಅಕ್ಕ ಇಡ್ಲಿ ತಿನ್ನುತ್ತ, “ಹೌದ್ ಹೌದು, ನನಗೂ ಅಳು ಬಂತು, ನಿಮ್ಮ ಅಕ್ಕ ಖರೇನಾ ಸತ್ತಾಳೇನೋ ಅಂತ,” ಎಂದಳು.

ಲಿಂಗಸುಗೂರಿನ ದವಾಖಾನೆಯ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಹೇಳಬೇಕಾದದ್ದನ್ನು ಹೇಳಿದೆ. ಅವಳು ತನ್ನ ಬಗ್ಗೆ ಏನೂ ಕೇಳಲಿಲ್ಲ.

“ಕೂಸಿಗೆ ಬರ್ತೈತೇನ್ರಿ?”

“ಗುಳಿಗೆ ತಪ್ಪಿಸದಿದ್ದರೆ ಬಾರದೇ ಇರೋ ಸಂಭವವೇ ಬಹಳ.”

“ಬರಂಗಿಲ್ಲ ಅಂತ ಹೇಳ್ರಿ.”

ಹೇಳಲಾಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಆಗಲೂ ಆಗಲಿಲ್ಲ. ಎರಡನೇ ಪರೀಕ್ಷೆಯೂ ಅದನ್ನೇ ಹೇಳಿತು. ಅವಳು ಮಾತ್ರೆಗಳನ್ನು ಅರಿಷಿಣದ ಡಬ್ಬಿಗೆ ಸುರಿದುಕೊಂಡು, ಮೇಲೆ ಹಸಿರು ಖಣ ಸುತ್ತಿ ಹೋದಳು. ಗಂಡನಿಗೆ ತಾನೇ ಹೇಳುತ್ತೇನೆಂದಳು. ಎರಡು ತಿಂಗಳ ಮೇಲೆ ಅವನೇ ಒಂದು ದಿನ ಲಾರಿ ಬಿಟ್ಟು ಬಂದು, ಯಾರ ಮುಖವನ್ನೂ ನೋಡದೆ ಕೈ ಚಾಚಿ ರಕ್ತ ಕೊಟ್ಟ. ಅವನಿಗೂ ಮಾತ್ರೆ ಶುರುವಾಯಿತು. ಹೆರಿಗೆ ದವಾಖಾನೆಯಲ್ಲೇ ಆಯಿತು. ಹೆಣ್ಣುಮಗು. ಆರು ವಾರಕ್ಕೆ ಒಂದು ಪರೀಕ್ಷೆ, ಆಮೇಲೊಂದು, ಕೊನೆಯದು ಹದಿನೆಂಟು ತಿಂಗಳಿಗೆ. ಮೊದಲಿನವೆಲ್ಲ ‘ಇಲ್ಲ’ ಎಂದಿದ್ದವು. ಆದರೆ ಕೊನೆಯದು ಹೇಳುವವರೆಗೆ ಯಾವುದೂ ಮುಗಿದಂತಲ್ಲ. ನಮ್ಮ ಅಧ್ಯಯನವೇ ಆ ಹೊತ್ತಿಗೆ ಮುಗಿದು, ವರದಿ ಅಚ್ಚಾಗಿತ್ತು. ನಾನು ಮಾತ್ರ ಆ ತಿಂಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದೆ.

ಆ ದಿನ ಲಿಂಗಸುಗೂರಿನ ದವಾಖಾನೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತೆ. ಹೊಸ ಪಟ್ಟಿ ಬರೆಯಲು ಕೈ ಬರಲಿಲ್ಲ. ಬರೆಯಲು ಒಂದೇ ಸಾಲಿತ್ತು. ತಾಯಿ ಬಂದಳು, ಜೊತೆಗೆ ಮೊಮ್ಮಗಳನ್ನು ಬಗಲಲ್ಲೆತ್ತಿಕೊಂಡು ಅತ್ತೆ. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಕೂಸಿನ ರಕ್ತ ಒಳಗೆ ಹೋಯಿತು. ನಾವು ಮೂವರೂ ಬಾಗಿಲು ನೋಡುತ್ತ ಕೂತೆವು. ಒಳಗಿನಿಂದ ತಾಯಿಯನ್ನು ಕರೆದರು. ಅವಳು ಹೋದ ಮೇಲೆ ಬಾಗಿಲು ಎಷ್ಟು ಹೊತ್ತು ಮುಚ್ಚಿತ್ತೋ ನನಗೆ ಗೊತ್ತಿಲ್ಲ. ಎದುರು ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆಯೆಂದು ಮಾತ್ರ ಇಂದಿಗೂ ಹೇಳಬಲ್ಲೆ.

ಅವಳು ಹೊರಗೆ ಬಂದು ಕೂಸನ್ನು ಕಸಿದುಕೊಂಡು ಅದರ ಹೊಟ್ಟೆಗೆ ಮುಖ ಒತ್ತಿದಳು. ಆಮೇಲೆ ತಲೆಯೆತ್ತಿ, “ಇಲ್ಲಂತ ಚಿಗವ್ವಾ,” ಎಂದಳು. “ಇಲ್ಲಾ ಇಲ್ಲಂತ.”

ನಾನು ಅಳುವುದಕ್ಕೆ ಮೊದಲೇ ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ರೊಟ್ಟಿ, ಎಣಗಾಯಿ.

“ತಿನ್ರಿ ಬೀಗ್ತಿ. ನಿಮ್ಮಂಗ ಮಾಡಿಲ್ಲ, ಉಪ್ಪು ಹಾಕೀನಿ.”

ನನಗೆ ಅರ್ಥವಾಗಲಿಲ್ಲ.

“ಅವತ್ತಿನ ಬುತ್ತಿ ನೆನಪೈತಿಲ್ಲೋ? ಪಲ್ಯಾದಾಗ ಉಪ್ಪಿಲ್ಲ, ಅನ್ನದಾಗ ಉಪ್ಪಿಲ್ಲ, ರೊಟ್ಟ್ಯಾಗ ಉಪ್ಪಿಲ್ಲ. ಕುಬಸದ ಬುತ್ತಿಗೆ ಹೆಸರಿಡಬಾರದಂತ ಎಲ್ಲಾರೂ ಬಾಯಿ ಮುಚ್ಕೊಂಡು ತಿಂದ್ವಿ. ನನಗ ಅವಾಗ ಗೊತ್ತಾತು. ಬಳಗದವರು ಯಾರೂ ಹಿಂಗ ಮಾಡಂಗಿಲ್ಲ. ಉಪ್ಪು ಬಿಡ್ರಿ, ಉಪ್ಪು ಬಿಡ್ರಿ ಅಂತ ನನಗ ಬಿಪಿ ನೋಡಿದ ದವಾಖಾನ್ಯಾರು ಅಂತಿದ್ರು. ಆ ಮಂದೀನಾ ಇವರು ಅನ್ನಕೊಂಡೆ. ದವಾಖಾನ್ಯಾರು ಅಡಗಿ ಮಾಡ್ಕೊಂಡು ಬುಟ್ಟಿ ಹೊತ್ಕೊಂಡು ಗದ್ದಿಗೆ ಬಂದಾರಂದ್ರ ಸಣ್ಣ ಮಾತಲ್ಲ ಅಂತ ಕಳಿಸಿದೆ.” ಕೂಸಿನ ಮೂಗು ಸೆರಗಿನಿಂದ ಒರೆಸಿದಳು. “ಏನಂತ ನಾ ಕೇಳಿಲ್ಲ. ಕೇಳೂದೂ ಇಲ್ಲ. ಸಂಜಿಗೆ ಗುಳಗಿ ತಗೊಂಡ್ಯೇನು ಅಂತ ಅಷ್ಟು ಕೇಳ್ತೀನಿ.”

ಸೊಸೆ ಅವಳತ್ತ ತಿರುಗಿ ನೋಡಿದ ರೀತಿಯಿಂದ, ಇದು ನನ್ನಂತೆ ಅವಳಿಗೂ ಆಗಷ್ಟೇ ತಿಳಿದದ್ದು ಎನಿಸಿತು.

ಮನೆಗೆ ಬಂದು ಆ ಹಳೆಯ ಪ್ರಶ್ನಾವಳಿಯನ್ನು ಹುಡುಕಿದೆ. ಬೆನ್ನ ಮೇಲೆ, ಎರಡೂ ಅಂಚು ತುಂಬುವಂತೆ ನನ್ನ ಅಕ್ಷರ. ಆಟೋ, ಬಳೆ, ಫೋನು, ಗಂಡ, ಅತ್ತೆ, ಗುರುತಿನ ಪಟ್ಟಿ. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಉಪ್ಪು ಎಲ್ಲೂ ಇರಲಿಲ್ಲ.